ಬಾಗಿಲು ತೆರೆದಿರಲಿ, ಗಲ್ಲಾದ ಕೀಲಿ ಜೋಪಾನವಾಗಿರಲಿ

ಪರಊರಿನಲ್ಲಿ ದುಡಿಯುವವನಿಗೆ ತನ್ನವರ ಕೂಟವೊಂದು ಅನ್ನದಷ್ಟೇ ಅವಶ್ಯವಾದುದು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ನಮ್ಮ ಹೋಟೆಲು ಕಾರ್ಮಿಕರೂ ಗುಮಾಸ್ತರೂ ಇಂದು ಅಂತಹ ಕೂಟವನ್ನು ಕಿಸೆಯಲ್ಲಿಯೇ ಇಟ್ಟುಕೊಂಡಿರುವರು. ಅದುವೇ ಮೊಬೈಲಿನ ವಾಟ್ಸಾಪ್ ಬಳಗ. ಎಲ್ಲಿ ಕೆಲಸ ಖಾಲಿಯಿದೆ, ಯಾವ ಚಾಳಿನಲ್ಲಿ ಖೋಲಿ ಸಿಕ್ಕೀತು, ಯಾರಿಗೆ ರಕ್ತ ಬೇಕಾಗಿದೆ ಎಂಬುದೆಲ್ಲ ಅಲ್ಲಿಯೇ ತಿಳಿಯುವದು. ಆದುದರಿಂದ ಬಳಗಕ್ಕೆ ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ದೂರವಿಡಬೇಕು ಎಂಬ ಪ್ರಶ್ನೆಯು ಕ್ಷುಲ್ಲಕವಾದುದಲ್ಲ.

ನಾವು ಕಂಡ ಒಂದು ಸಂಗತಿಯನ್ನು ಹೇಳುತ್ತೇವೆ. ಒಂದು ಬಳಗದವರು ‘ಬಂದವರೆಲ್ಲ ನಮ್ಮವರೇ’ ಎಂದು ಸೇರ್ಪಡೆಯ ಲಿಂಕನ್ನು ಎಲ್ಲೆಡೆ ಹಂಚಿದರು. ಕೆಲವೇ ದಿನಗಳಲ್ಲಿ ಅಪರಿಚಿತನೊಬ್ಬನು ಒಳನುಗ್ಗಿ, ಕೊಲ್ಲಿ ದೇಶದಲ್ಲಿ ಅಡುಗೆಯ ಕೆಲಸವಿದೆ, ಮುಂಗಡ ಕಳಿಸಿರಿ ಎಂದು ಬರೆದನು. ಪಾತ್ರೆ ತೊಳೆದು ಕೂಡಿಟ್ಟ ಹಣವನ್ನು ಒಬ್ಬ ಹುಡುಗನು ಕಳಿಸಿಯೂ ಬಿಟ್ಟನು. ಎಚ್ಚತ್ತ ಬಳಗದವರು ಆಮೇಲೆ ಇನ್ನೊಂದು ತುದಿಗೆ ಹೋದರು: ಆಧಾರ್ ಕಾರ್ಡಿನ ಫೋಟೋ ಬೇಕು, ಇಬ್ಬರು ಸದಸ್ಯರ ಶಿಫಾರಸು ಬೇಕು, ಸಿಮ್ಮು ತನ್ನ ಹೆಸರಿನಲ್ಲಿಯೇ ಇರಬೇಕು! ಕುಂದಾಪುರದ ಕಡೆಯಿಂದ ಆಗತಾನೇ ಬಂದಿಳಿದ ಹುಡುಗನೊಬ್ಬನ ಸಿಮ್ಮು ಸೋದರಮಾವನ ಹೆಸರಿನಲ್ಲಿದ್ದಿತು. ಅವನಿಗೆ ಪ್ರವೇಶ ದೊರೆಯಲಿಲ್ಲ. ಅದೇ ವಾರ ಬಂದ ಕೆಲಸದ ಸುದ್ದಿಯೂ ಅವನಿಗೆ ಮುಟ್ಟಲಿಲ್ಲ. ಮೊದಲು ಒಬ್ಬನ ಹಣ ಹೋಯಿತು, ಅನಂತರ ಇನ್ನೊಬ್ಬನ ಅನ್ನ ಹೋಯಿತು. ವಂಚಕನು ಸುಳ್ಳು ಕಾಗದವನ್ನಾದರೂ ಒದಗಿಸಿಯಾನು. ಕಾಗದವಿಲ್ಲದೆ ಹೊರಗುಳಿಯುವವನು ಬಡವನೇ.

ನಾವು ಹೋಟೆಲು ನಡೆಯಿಸಿದವರು. ಬಾಗಿಲಲ್ಲಿ ನಿಂತು ಗಿರಾಕಿಯ ಊರು-ಮನೆತನ ವಿಚಾರಿಸುವ ಹೋಟೆಲು ಬಾಳದು. ಹೊಸದಾಗಿ ಸೇರಿದ ಹುಡುಗನನ್ನು ಮೊದಲ ದಿನವೇ ಗಲ್ಲಾದಲ್ಲಿ ಕೂಡಿಸುವ ಹೋಟೆಲೂ ಬಾಳದು. ಅವನು ಮೊದಲು ಮೇಜು ಒರೆಸುವನು, ಆಮೇಲೆ ಸಪ್ಲಾಯರನಾಗುವನು, ನಂಬಿಗೆ ಬೆಳೆದ ಮೇಲೆ ಗಲ್ಲಾ. ಪ್ರವೇಶವು ಸುಲಭ, ಅಧಿಕಾರವು ಕ್ರಮಕ್ರಮವಾಗಿ.

ಜಗತ್ತಿನ ದೊಡ್ಡ ಬಳಗಗಳೂ ಇದೇ ಹಾದಿ ಹಿಡಿದಿವೆ. ಇಂಗ್ಲಿಷ್ ವಿಕಿಪೀಡಿಯದ ಬಹುತೇಕ ಪುಟಗಳನ್ನು ಯಾರು ಬೇಕಾದರೂ ತಿದ್ದಬಹುದು. ಹೊಸ ಲೇಖನವನ್ನು ತಾನೇ ನೇರವಾಗಿ ಪ್ರಕಟಿಸಬೇಕಾದರೆ ಮಾತ್ರ ಖಾತೆ ತೆರೆದು 4 ದಿನಗಳಾಗಿರಬೇಕು, 10 ತಿದ್ದುಪಡಿಗಳನ್ನು ಮಾಡಿರಬೇಕು. 2003ರಲ್ಲಿ ಆರಂಭವಾದ ನಮ್ಮ ಕನ್ನಡ ವಿಕಿಪೀಡಿಯದಲ್ಲಿಯೂ ಪ್ರತಿಯೊಂದು ತಿದ್ದುಪಡಿಯ ದಾಖಲೆ ಉಳಿಯುವದು; ಕಿಡಿಗೇಡಿ ಕೆಡಿಸಿದುದನ್ನು ಇನ್ನೊಬ್ಬನು ಕ್ಷಣದಲ್ಲಿ ಸರಿಪಡಿಸಬಲ್ಲನು. ಇದಕ್ಕೆ ಬದಲಾಗಿ, ಯಂತ್ರಗಳನ್ನು ತಡೆಯಲೆಂದು ಸೊಟ್ಟ ಇಂಗ್ಲಿಷ್ ಅಕ್ಷರಗಳನ್ನು ಓದಿಸುವ ‘ಕ್ಯಾಪ್ಚಾ’ ಎಂಬ ಪರೀಕ್ಷೆಯನ್ನು ನೋಡಿರಿ. ಅದು ಕನ್ನಡ ಮಾತ್ರ ಬಲ್ಲ ನಮ್ಮ ಅಡುಗೆಯವನನ್ನೂ ಯಂತ್ರದ ಜೊತೆಗೇ ಹೊರಗೆ ನಿಲ್ಲಿಸುವದು.

ಹಾಗಾದರೆ ನಮ್ಮ ಬಳಗಗಳು ಮಾಡಬೇಕಾದುದೇನು? ಹೊಸಬರು ಬಂದಾಗ ನಿರ್ವಾಹಕರ ಒಪ್ಪಿಗೆ ಪಡೆಯುವ ಏರ್ಪಾಡು ವಾಟ್ಸಾಪಿನಲ್ಲಿಯೇ ಇದೆ. ‘ಎಲ್ಲಿ ದುಡಿಯುವಿ, ಊರು ಯಾವುದು?’ ಎಂದು ಕನ್ನಡದಲ್ಲಿ ಒಂದು ಮಾತು ಕೇಳಿದರೆ ಸಾಕು. ಆಧಾರಿನ ಫೋಟೋ ಬೇಡವೇ ಬೇಡ. ಅದು ಪರರ ಕೈ ಸೇರಿದರೆ ಹೊಸ ಅಪಾಯ. ಕೆಲಸದ ಮತ್ತು ಹಣದ ಸುದ್ದಿಗೆ, ನಿರ್ವಾಹಕರು ಮಾತ್ರ ಬರೆಯಬಲ್ಲ ಬೇರೆ ಗುಂಪು ಇರಲಿ. ಅವರು ಮಾಲಕರಿಗೆ ಫೋನು ಮಾಡಿ ವಿಚಾರಿಸಿದ ಮೇಲೆಯೇ ಅದರಲ್ಲಿ ಬರೆಯಲಿ. ಉಳಿದ ಮಾತುಕತೆಯ ಗುಂಪು ಎಲ್ಲರದಾಗಿರಲಿ. ರಾತ್ರಿ ಹನ್ನೊಂದಕ್ಕೆ ಬಿಡುವಾಗುವ ಹೋಟೆಲಿನವರೊಬ್ಬರು, ಹಗಲು ಫೋನು ನೋಡಬಲ್ಲ ಗುಮಾಸ್ತರೊಬ್ಬರು ನಿರ್ವಾಹಕರಾಗಿದ್ದರೆ ಕೆಟ್ಟ ಸಂದೇಶವು ಹೆಚ್ಚು ಹೊತ್ತು ನಿಲ್ಲದು. ಲಿಂಕು ಕಂಡಕಂಡಲ್ಲಿ ಹರಡಿದರೆ ಹಳೆಯದನ್ನು ರದ್ದುಪಡಿಸಿ ಹೊಸದನ್ನು ಪಡೆಯಬಹುದು. ತಪ್ಪಾಗಿ ಹೊರಹಾಕಲ್ಪಟ್ಟವನಿಗೆ ತಿರುಗಿ ಬರುವ ದಾರಿಯೂ ಇರಲಿ. ಇಷ್ಟಾಗಿಯೂ ಯಾರಾದರೂ ಹಣ ಕಳೆದುಕೊಂಡರೆ ನಾಚಿ ಕುಳಿತುಕೊಳ್ಳದೆ, ತಡಮಾಡದೆ 1930ಕ್ಕೆ ಫೋನು ಮಾಡತಕ್ಕದ್ದು.

ಇದಕ್ಕೆಲ್ಲ ಒಬ್ಬಿಬ್ಬರ ದುಡಿಮೆ ಬೇಕೆಂಬುದು ನಿಜ. ಬಾಗಿಲಿಗೆ ಬೀಗ ಜಡಿಯುವದು ಅದಕ್ಕಿಂತ ಸುಲಭ. ಆದರೆ ನಾವೂ ಒಂದು ದಿನ ಟ್ರಂಕು ಹಿಡಿದು ಈ ಊರಿನಲ್ಲಿ ಇಳಿದಾಗ, ಯಾವ ಕಾಗದವನ್ನೂ ಕೇಳದೆ ಯಾರೋ ಒಬ್ಬರು ಮಲಗಲು ಜಾಗ ಕೊಟ್ಟಿದ್ದರು. ಬಳಗದ ಬಾಗಿಲಲ್ಲಿ ಕುಳಿತವರು ಅದನ್ನು ಮರೆಯಬಾರದು.