ಕಿರುಹಳಿಗಳ ಕುಶಲಿ

೧೮೭೧ರಲ್ಲಿ ಯಾದಗಿರಿಯನ್ನು ಹಾದುಬಂದ ಹಳಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. ಶಹಾಪುರ, ಸುರಪುರಗಳು ದೂರವೇ ಉಳಿದವು. ಗದಗ–ವಾಡಿ ಮಾರ್ಗ ತಮ್ಮೂರಿಗೆ ಬರಲೆಂಬುದು ಅಲ್ಲಿಯವರ ಹಳೆಯ ಹಂಬಲ. ಯಾದಗಿರಿಯ ಹಳಿಯನ್ನೇ ಹಿಡಿದು ಸೊಲ್ಲಾಪುರವನ್ನು ದಾಟಿದರೆ ಪುಣೆ. ಅಲ್ಲಿಯ ಕೋಥ್ರೂಡಿನಲ್ಲಿ ಭಾವೂಸಾಹೇಬ ಜೋಶಿಯವರು ೧೯೯೮ರಲ್ಲಿ ಕಿರುರೈಲುಗಳ ಸಂಗ್ರಹಾಲಯವನ್ನು ತೆರೆದರು. ರೈಲುಪ್ರಿಯರಿಗೆ ಅದೊಂದು ನೆಲೆಯಾಯಿತು.

ಮಕ್ಕಳಾಟವೆಂದು ನಗುವವರು ಅಳತೆಯ ಕಷ್ಟವನ್ನರಿಯರು. ೧:೮೭ರ ಪ್ರಮಾಣದಲ್ಲಿ ೨೧ ಮೀಟರಿನ ಡಬ್ಬಿ ೨೪ ಸೆಂಟಿಮೀಟರಿಗೆ ಇಳಿಯುತ್ತದೆ. ಕಿಟಕಿ, ಬಾಗಿಲು, ಕೈಮರ ಎಲ್ಲವೂ ಅದೇ ಲೆಕ್ಕಕ್ಕೆ ಬಗ್ಗಬೇಕು. ಸುರಪುರದ ಕಿರುಚಿತ್ರಗಳನ್ನು ಮೆಚ್ಚುವ ನಾವು ಈ ಕೈಚಳಕವನ್ನು ಕೀಳೆಂದೆಣಿಸುವುದು ತರವೆ? ಇಂಥದೊಂದು ಮಾದರಿ ನಮ್ಮ ಶಾಲೆಯಲ್ಲಿದ್ದರೆ, ಹಳಿಯನ್ನೇ ಕಾಣದ ಹುಡುಗನಿಗೂ ಗಾಡಿ ಕೈಮರದ ಬಳಿ ಏಕೆ ನಿಲ್ಲುವುದೆಂಬುದು ಬಾಯಿಪಾಠವಿಲ್ಲದೆಯೇ ತಿಳಿದೀತು.