ಚಾರ್ಜರ್ ಕೆಟ್ಟಿದೆಯೋ, ಸೆಲ್ ಸತ್ತಿದೆಯೋ?



ಪುಣೆಯಲ್ಲಿರುವ ನಮಗೆ ಗುರುವಾರದ ಕರೆಂಟು ಕಡಿತ ಹೊಸದಲ್ಲ. ಬೇಕಾದ ಹೊತ್ತಿಗೇ ಟಾರ್ಚು ಕೈಕೊಡುವುದೂ ಹೊಸದಲ್ಲ. ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದೀರಿ, ಹಸಿರು ದೀಪವೂ ಬಂದಿದೆ. ಆದರೂ ಬೆಳಗಿನ ಜಾವ ಸಿಂಹಗಡ ಹತ್ತಲು ಹೊರಟ ಮಗನ ಟಾರ್ಚು ಹತ್ತೇ ನಿಮಿಷಕ್ಕೆ ಆರಿಹೋಗುತ್ತದೆ. ಬೈಗುಳವೆಲ್ಲ ಚಾರ್ಜರಿಗೆ. ಪಾಪ, ಬಹಳ ಸಲ ತಪ್ಪು ಅದರದಲ್ಲ.

ನಾವು ಹೇಳುತ್ತಿರುವುದು ದಪ್ಪ ಪೆನ್ಸಿಲ್ ಸೆಲ್ಲಿನಂತೆ ಕಾಣುವ 18650 ಎಂಬ ಲಿಥಿಯಂ ಅಯಾನ್ ಸೆಲ್ಲಿನ ವಿಚಾರ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಅದು ದುಂಡಗಿನದು ಎನ್ನುವುದಕ್ಕೆ. ಟಾರ್ಚು, ಹಣೆಗೆ ಕಟ್ಟುವ ದೀಪ, ಪವರ್ ಬ್ಯಾಂಕ್, ಹಳೆಯ ಲ್ಯಾಪ್‌ಟಾಪ್, ಎಲ್ಲೆಡೆ ಇದೇ. ಹೊರದೇಶಗಳಲ್ಲಿ ಹಲವು ಇ-ಸಿಗರೇಟುಗಳಲ್ಲೂ ಇದೇ ಸೆಲ್. ನಮ್ಮ ದೇಶದಲ್ಲಿ ಇ-ಸಿಗರೇಟಿನ ತಯಾರಿಕೆ, ಮಾರಾಟ 2019ರಿಂದ ನಿಷಿದ್ಧ. ಕರ್ನಾಟಕ ಅದಕ್ಕೂ ಮೊದಲೇ, 2016ರಲ್ಲಿ, ನಿಷೇಧಿಸಿತ್ತು. ಸೆಲ್ಲಿಗೆ ಮಾತ್ರ ನಿಷೇಧವಿಲ್ಲ.

ಚಾರ್ಜರಿನಲ್ಲಿ ದೀಪವೇ ಬರುತ್ತಿಲ್ಲವೇ? ಮೊದಲು ಕೇಬಲ್ ಬದಲಿಸಿ. ಇಲ್ಲೊಂದು ಸ್ವಾರಸ್ಯವಿದೆ. ಈಗಿನ ಅಗ್ಗದ ಟಾರ್ಚು, ಚಾರ್ಜರುಗಳಲ್ಲಿ ಟೈಪ್-ಸಿ ಕಿಂಡಿ ಇರುತ್ತದೆ. ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಹಾಕಿದರೆ ಚಾರ್ಜ್ ಆಗುವುದೇ ಇಲ್ಲ. ಒಂದು ತುದಿ ಹಳೆಯ ಅಗಲದ ಯುಎಸ್‌ಬಿ ಇರುವ ಕೇಬಲ್ ಹಾಕಿದರೆ ತಕ್ಷಣ ಆಗುತ್ತದೆ. ಕಾರಣ, ಹೊಸ ಬಗೆಯ ಅಡಾಪ್ಟರು ಆ ಕಡೆ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸದೆ ವಿದ್ಯುತ್ ಬಿಡುವುದಿಲ್ಲ. ಉತ್ತರ ಕೊಡಲು ಉಪಕರಣದೊಳಗೆ 5.1 ಕಿಲೋ ಓಮ್‌ನ ಎರಡು ಪುಟ್ಟ ರೆಸಿಸ್ಟರ್ ಬೇಕು. ಪೈಸೆ ಉಳಿಸಲು ತಯಾರಕರು ಅವನ್ನೇ ಬಿಟ್ಟಿರುತ್ತಾರೆ!

ಸೆಲ್ ಹಾಕಿದ ಕೂಡಲೇ ಹಸಿರು ಬಂದರೆ ಖುಷಿಪಡಬೇಡಿ. ಸೆಲ್ ತುಂಬಿದ್ದರೂ ಹಸಿರು, ಸೆಲ್ ತಾಗದೇ ಇದ್ದರೂ ಅನೇಕ ಚಾರ್ಜರುಗಳಲ್ಲಿ ಹಸಿರೇ. ಮಳೆಗಾಲದಲ್ಲಿ ಸ್ಪ್ರಿಂಗಿನ ಮೇಲೆ ಕಪ್ಪು ಕಟ್ಟಿರುತ್ತದೆ. ಚಾರ್ಜರನ್ನು ಪ್ಲಗ್ಗಿನಿಂದ ಕಿತ್ತು, ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಒರೆಸಿ. ಕೆಲವು ಸೆಲ್ಲಿನ ತಲೆ ಚಪ್ಪಟೆ, ಕೆಲವಕ್ಕೆ ಗುಂಡಿಯಂತೆ ಉಬ್ಬು. ಚಪ್ಪಟೆ ತಲೆಯದು ಕೆಲವು ಗೂಡಿನಲ್ಲಿ ತಾಗುವುದೇ ಇಲ್ಲ.

ಇಷ್ಟಾದ ಮೇಲೂ ಅನುಮಾನವಿದ್ದರೆ ದೀಪವನ್ನು ನಂಬುವುದು ಬಿಟ್ಟು ಮಲ್ಟಿಮೀಟರ್ ಹಿಡಿಯಿರಿ. ಡಿ.ಸಿ. 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಧನ ತುದಿಗೂ ಕಪ್ಪನ್ನು ಋಣ ತುದಿಗೂ ಮುಟ್ಟಿಸಿ. ಎರಡು ಕಡ್ಡಿ ಒಂದಕ್ಕೊಂದು ತಾಗದಿರಲಿ. 4.2 ವೋಲ್ಟ್ ಎಂದರೆ ಹೊಟ್ಟೆ ತುಂಬಿದೆ. 3.7ರ ಆಸುಪಾಸು ಅರ್ಧಂಬರ್ಧ. 3ಕ್ಕಿಂತ ಕೆಳಗೆ ಎಂದರೆ ಖಾಲಿ. ಸೊನ್ನೆ ತೋರಿಸಿದರೆ, ಒಳಗೆ ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ ಆಗಿದ್ದಲ್ಲಿ ಅದು ತಾನೇ ಬಾಗಿಲು ಹಾಕಿಕೊಂಡಿರಬಹುದು. ಸರಿಯಾದ ಚಾರ್ಜರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಎಚ್ಚರಗೊಳ್ಳುವುದುಂಟು.

ಆದರೆ ರಕ್ಷಣೆ ಇಲ್ಲದ ಸೆಲ್ 2 ವೋಲ್ಟಿಗಿಂತ ಕೆಳಗಿಳಿದು ತಿಂಗಳುಗಟ್ಟಲೆ ಡ್ರಾಯರಿನಲ್ಲಿ ಬಿದ್ದಿದ್ದರೆ ಅದನ್ನು ಬದುಕಿಸಲು ಹೋಗಬೇಡಿ. ಅಷ್ಟು ಬರಿದಾದಾಗ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೊಳಗೇ ಶಾರ್ಟ್ ಆಗಬಹುದು. ಬೇರೊಂದು ತುಂಬಿದ ಸೆಲ್ಲಿಗೆ ತಂತಿ ಜೋಡಿಸಿ ಸತ್ತದ್ದನ್ನು ಎಬ್ಬಿಸುವ ಉಪಾಯವನ್ನು ಮೊಬೈಲಿನ ವಿಡಿಯೋಗಳಲ್ಲಿ ಮಕ್ಕಳು ನೋಡಿರುತ್ತಾರೆ. ಚಾರ್ಜರ್ ಬೇಡ ಎಂದದ್ದು ಸುಮ್ಮನೆ ಅಲ್ಲ ಎಂದು ಅವರಿಗೆ ತಿಳಿಸಿ.

ಇನ್ನು ಕೆಂಪು ದೀಪ ಆರುವುದೇ ಇಲ್ಲವೆಂದರೆ? ಸಣ್ಣ ಲೆಕ್ಕ ಹಾಕಿ. 2,500 ಮಿಲಿ ಆಂಪಿಯರ್ ಅವರಿನ ಸೆಲ್, 500 ಮಿಲಿ ಆಂಪಿಯರ್ ಕೊಡುವ ಚಾರ್ಜರ್ ಎಂದರೆ ಐದು ಗಂಟೆ, ಕೊನೆಯಲ್ಲಿ ನಿಧಾನವಾಗುವುದರಿಂದ ಆರು ಎನ್ನಿ. ಹತ್ತು ಗಂಟೆಯಾದರೂ ಕೆಂಪೇ ಇದ್ದರೆ ಸೆಲ್ ತೆಗೆದು ಅಳೆಯಿರಿ. 4.2 ಮುಟ್ಟಿಯೂ ದೀಪ ಬದಲಾಗದಿದ್ದರೆ ಸೆಲ್ ಮುದಿಯಾಗಿ ಒಳಗೇ ಸೋರುತ್ತಿರಬಹುದು. 4.25 ದಾಟಿದ್ದರೆ ಮಾತ್ರ ದೋಷ ಖಂಡಿತ ಚಾರ್ಜರಿನದೇ. ಅದನ್ನು ಮತ್ತೆ ಪ್ಲಗ್ಗಿಗೆ ಹಾಕಬೇಡಿ, ಯಾರಿಗೂ ಕೊಡಬೇಡಿ.

ಬೆಚ್ಚಗಾಗುವುದು ಸಹಜ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದರೆ ಪ್ಲಗ್ ತೆಗೆಯಿರಿ. ಚಾರ್ಜಿಗೆ ಇಡುವ ಜಾಗ ಹಾಸಿಗೆಯಲ್ಲ, ಸೋಫಾ ಅಲ್ಲ. ಅಡಿಗೆಮನೆಯ ಕಡಪಾ ಕಟ್ಟೆ, ಅದೂ ನೀವು ಎಚ್ಚರವಿರುವಾಗ. ಮೈಮೇಲಿನ ಪ್ಲಾಸ್ಟಿಕ್ ಹರಿದ ಸೆಲ್ಲನ್ನೂ ಬಳಸಬೇಡಿ, ಏಕೆಂದರೆ ಒಳಗಿನ ಲೋಹದ ಡಬ್ಬಿ ಪೂರ್ತಿ ಋಣ ಧ್ರುವ. ಬೀಗದ ಕೈ, ಚಿಲ್ಲರೆ ಇರುವ ಜೇಬಿನಲ್ಲಿ ಬಿಡಿ ಸೆಲ್ ಇಟ್ಟುಕೊಂಡು ತೊಡೆ ಸುಟ್ಟುಕೊಂಡ ಇ-ಸಿಗರೇಟು ಸೇದುವವರ ಸುದ್ದಿಗಳು ಅಮೆರಿಕದಿಂದ ಬಂದದ್ದು ಇದೇ ಕಾರಣಕ್ಕೆ. ಅಂಗಡಿಯಿಂದ ಸೆಲ್ ತರುವಾಗಲೂ ಪ್ಲಾಸ್ಟಿಕ್ ಡಬ್ಬಿಯಲ್ಲೇ ತನ್ನಿ.

ಅಂಗಡಿ ಎಂದರೆ ಪುಣೆಯಲ್ಲಿ ಬುಧವಾರ ಪೇಟೆಯ ತಪಕೀರ್ ಗಲ್ಲಿ ತಾನೇ? ಮರಾಠಿಯಲ್ಲಿ ತಪಕೀರ್ ಎಂದರೆ ನಶ್ಯ. ಈಗ ಅಲ್ಲಿ ಸಿಗುವುದು ಬಲ್ಬು, ವೈರು, ಚಾರ್ಜರು. ಸೆಲ್ಲಿನ ಮೇಲೆ 9,900 ಎಂದು ಬರೆದಿದ್ದರೆ ನಕ್ಕು ಮುಂದೆ ಹೋಗಿ. ಒಳ್ಳೆಯ ಕಂಪನಿಗಳ 18650 ಸೆಲ್ 3,500ರ ಸುತ್ತಮುತ್ತ ನಿಲ್ಲುತ್ತದೆ, ತೀರಾ ಈಚಿನವು 4,000ದ ಹತ್ತಿರ. ಅಸಲಿಯ ತೂಕ 45ರಿಂದ 50 ಗ್ರಾಂ. ಕೈಗೆ ಹಗುರವೆನಿಸಿದರೆ ಬೇಡ.

ಸತ್ತ ಸೆಲ್ಲಿನ ಎರಡೂ ತುದಿಗೆ ಟೇಪು ಅಂಟಿಸಿ ಬೇರೆ ಇಡಿ. ಒಣ ಕಸದಲ್ಲಿ ಸೇರಿಸಿದರೆ ಅದನ್ನು ಬರಿಗೈಯಲ್ಲಿ ವಿಂಗಡಿಸುವವರು ಮನೆ ಬಾಗಿಲಿಗೆ ಬರುವ ‘ಸ್ವಚ್ಛ್’ ಸಂಸ್ಥೆಯ ಆ ಮಾವಶಿಯರೇ. ಗಾಡಿಯಲ್ಲಿ ಒತ್ತಿ ತುಂಬಿದಾಗ ಸೆಲ್ ಜಜ್ಜಿದರೆ ಬೆಂಕಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೂ ಬಳಕೆದಾರರು ಇದನ್ನು ಬೇರೆ ಕಸದೊಡನೆ ಬೆರೆಸಬಾರದು ಎನ್ನುತ್ತವೆ. ಇ-ತ್ಯಾಜ್ಯ ಎಂದು ಹೇಳಿ ಅವರ ಕೈಗೇ ಪ್ರತ್ಯೇಕವಾಗಿ ಕೊಡಿ.

ಚೆನ್ನಾಗಿರುವ ಸೆಲ್ಲನ್ನು ತಿಂಗಳುಗಟ್ಟಲೆ ಬಳಸುವುದಿಲ್ಲವಾದರೆ ಟಾರ್ಚಿನಿಂದ ಹೊರತೆಗೆದು, 3.7 ವೋಲ್ಟಿನ ಸುಮಾರಿಗೆ ಇಟ್ಟಿರಿ. ಪೂರ್ತಿ ತುಂಬಿಸುವುದು ಟ್ರೆಕ್ಕಿನ ಹಿಂದಿನ ಸಂಜೆ, ಅಥವಾ ಬುಧವಾರ ಸಂಜೆ!