ಹೊಲಿಗೆ ಯಂತ್ರದಿಂದ ರೋಬೋ ಕಾಲಿನ ತನಕ

ರೋಬೋ ಎಂದರೆ ದೂರದ ಪೇಟೆಯ, ಇಂಗ್ಲಿಷ್ ಬಲ್ಲವರ ವಿದ್ಯೆ ಎಂದು ಗಡಿನಾಡಿನ ನಮ್ಮ ಮಕ್ಕಳಿಗೆ ಅನ್ನಿಸಬಹುದು. ಅದರ ಮೊದಲ ಪಾಠ ಊರಿನ ದರ್ಜಿಯ ಅಂಗಡಿಯಲ್ಲೇ ಇದೆ. ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರವನ್ನು ಗಮನಿಸಿ: ಹಲಗೆ ಮೇಲೆ ಕೆಳಗೆ ತೂಗುತ್ತದೆ, ಗಾಲಿ ಪೂರ್ತಿ ಸುತ್ತುತ್ತದೆ. ತುಳಿಯುವ ಹಲಗೆ, ಅದರಿಂದ ಗಾಲಿಗೆ ಹೋಗುವ ಸರಳು, ಆ ಸರಳು ಸಿಕ್ಕಿಸಿದ ಜಾಗದಿಂದ ಗಾಲಿಯ ನಡುವಿನವರೆಗಿನ ಭಾಗ, ಅಲ್ಲಾಡದ ಚೌಕಟ್ಟು. ಹೀಗೆ ನಾಲ್ಕು ಅಂಗಗಳು. ಎಂಜಿನಿಯರುಗಳು ಇದನ್ನು ‘ಫೋರ್ ಬಾರ್’ ಎನ್ನುತ್ತಾರೆ.

ತರಗತಿಯಲ್ಲೇ ಮಾಡಿ ನೋಡಬಹುದು. ತೂತಿನಿಂದ ತೂತಿಗೆ 4, 10, 11, 12 ಸೆಂ.ಮೀ. ಇರುವ ನಾಲ್ಕು ರಟ್ಟಿನ ಪಟ್ಟಿಗಳನ್ನು ಇದೇ ಕ್ರಮದಲ್ಲಿ ಗುಂಡುಸೂಜಿಯಿಂದ ಜೋಡಿಸಿ, 12ರ ಪಟ್ಟಿಯನ್ನು ಮೇಜಿಗೆ ಒತ್ತಿ ಹಿಡಿಯಿರಿ. 4ರ ಪಟ್ಟಿ ಪೂರ್ತಿ ಸುತ್ತುತ್ತದೆ. ಅದರ ಬದಲು ಇನ್ನೊಂದು 10ರ ಪಟ್ಟಿ ಹಾಕಿದರೆ ಯಾವುದೂ ಪೂರ್ತಿ ಸುತ್ತುವುದಿಲ್ಲ. ಅತಿ ಚಿಕ್ಕದು ಮತ್ತು ಅತಿ ಉದ್ದದ್ದರ ಮೊತ್ತ ಉಳಿದೆರಡರ ಮೊತ್ತವನ್ನು ಮೀರಬಾರದು. ಇದು 19ನೇ ಶತಮಾನದ ಜರ್ಮನ್ ಎಂಜಿನಿಯರ್ ಗ್ರಾಶಾಫ್ ಅವರ ನಿಯಮ.

ಈಗ 10ರ ಪಟ್ಟಿಗೆ ಪೆನ್ಸಿಲ್ ಸಿಕ್ಕಿಸಿ ತಿರುಗಿಸಿ. ಅದು ಒಂದು ವಕ್ರರೇಖೆ ಬರೆಯುತ್ತದೆ. ಇಂಥ ರೇಖೆಯ ಒಂದು ಭಾಗ ಹೆಚ್ಚುಕಡಿಮೆ ನೇರವಾಗುವಂತೆ ರಷ್ಯಾದ ಗಣಿತಜ್ಞ ಚೆಬಿಷೆವ್ ಅಳತೆ ಕಂಡುಕೊಂಡರು. ಅವರ ‘ನಡೆಯುವ ಯಂತ್ರ’ವನ್ನು 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಇಡಲಾಗಿತ್ತು.

ರೋಬೋ ಕಾಲು ಮಾಡುವವರ ಪ್ರಶ್ನೆ ಇದಕ್ಕೆ ತಿರುಗುಮುರುಗು. ಪಾದ ಹೋಗಬೇಕಾದ ದಾರಿ ಗೊತ್ತಿದೆ, ಪಟ್ಟಿಗಳ ಅಳತೆ ಗೊತ್ತಿಲ್ಲ. ಗೊತ್ತಿಲ್ಲದವನ್ನು ಎಣಿಸೋಣ: ನಾಲ್ಕು ಉದ್ದ, ಪೆನ್ಸಿಲಿನ ಜಾಗಕ್ಕೆ ಎರಡು ಸಂಖ್ಯೆ, ಯಂತ್ರ ಇಡುವ ಜಾಗಕ್ಕೆ ಎರಡು, ಅದರ ಓರೆಗೆ ಒಂದು. ಒಟ್ಟು ಒಂಬತ್ತು. ಎರಡು ಬಿಂದು ಕೊಟ್ಟರೆ ಒಂದು ಸರಳರೇಖೆ, ಒಂದೇ ಸಾಲಿನಲ್ಲಿರದ ಮೂರು ಕೊಟ್ಟರೆ ಒಂದು ವೃತ್ತ. ಒಂಬತ್ತು ಬಿಂದು ಕೊಟ್ಟರೆ ಇಂಥ ಯಂತ್ರಗಳೆಷ್ಟು? 1923ರಲ್ಲಿ ಜರ್ಮನಿಯ ಆಲ್ಟ್ ಕೇಳಿದ ಈ ಪ್ರಶ್ನೆಗೆ ಪೂರ್ಣ ಉತ್ತರ ಸಿಕ್ಕಿದ್ದು 1992ರಲ್ಲಿ. ಅಮೆರಿಕದ ವ್ಯಾಂಪ್ಲರ್, ಮಾರ್ಗನ್, ಸೊಮ್ಮೀಸ್ ಕಂಪ್ಯೂಟರಿನಿಂದ ಅದನ್ನು ಬಿಡಿಸಿದರು.

ಅವರ ವಿಧಾನ ನಮ್ಮ ಶಿಕ್ಷಕರಿಗೆ ಹೊಸದೆನಿಸದು: ಗೊತ್ತಿದ್ದುದರಿಂದ ಗೊತ್ತಿಲ್ಲದ್ದರ ಕಡೆಗೆ. ಉತ್ತರ ಗೊತ್ತಿರುವ ಸುಲಭ ಸಮೀಕರಣಗಳಿಂದ ಶುರುಮಾಡಿ, ಅವನ್ನು ಸ್ವಲ್ಪಸ್ವಲ್ಪವೇ ಬದಲಿಸುತ್ತಾ ಕಷ್ಟದ ಸಮೀಕರಣಗಳವರೆಗೆ ತರುವುದು. ಅಷ್ಟರಲ್ಲಿ ಪ್ರತಿ ಉತ್ತರ ಎಲ್ಲಿಗೆ ಜರುಗಿತೆಂದು ಕಂಪ್ಯೂಟರ್ ಬೆನ್ನುಹತ್ತಿ ನೋಡುತ್ತದೆ. ಕೊನೆಗೆ 1,442 ಗುಂಪುಗಳು ಸಿಕ್ಕವು. ಪ್ರತಿ ಗುಂಪಿನಲ್ಲೂ ಒಂದೇ ರೇಖೆ ಬರೆಯುವ ಮೂರು ಯಂತ್ರಗಳು, ಒಟ್ಟು 4,326. ಇವುಗಳಲ್ಲಿ ಕಾಲ್ಪನಿಕ ಸಂಖ್ಯೆಗಳ ಉತ್ತರಗಳೂ ಇವೆ. ಅವನ್ನು ಕಬ್ಬಿಣದಲ್ಲಿ ಕಟ್ಟಲಾಗದು. ಇನ್ನು ಕೆಲವು ಬಿಂದುಗಳನ್ನು ತಪ್ಪು ಕ್ರಮದಲ್ಲಿ ಮುಟ್ಟುತ್ತವೆ. ಅವನ್ನೆಲ್ಲ ಜರಡಿ ಹಿಡಿದು ಉಳಿದದ್ದರಲ್ಲಿ ಒಳ್ಳೆಯದನ್ನು ಆರಿಸಬಹುದು. ಎಲ್ಲ ಉತ್ತರಗಳೂ ಕಣ್ಣಮುಂದಿರುವುದರಿಂದ, ಒಳ್ಳೆಯದೊಂದು ತಪ್ಪಿಹೋಯಿತೇನೋ ಎಂಬ ಸಂಶಯ ಉಳಿಯುವುದಿಲ್ಲ.

ಮುಂದೆ ರೋಬೋ ಓದಬೇಕೆಂದು ಈಗಲೇ ಮಗುವಿನ ಮಾಧ್ಯಮ ಬದಲಿಸಲು ಹೊರಟ ತಂದೆತಾಯಿ ಮೊದಲು ಈ ನಾಲ್ಕು ಪಟ್ಟಿಗಳನ್ನು ಅದರ ಕೈಗೆ ಕೊಡಲಿ. ಯಾಕೆ ಸುತ್ತಿತು, ಯಾಕೆ ನಿಂತಿತು ಎಂದು ಕೇಳಲಿ. ಮಗು ಮನೆಮಾತಿನಲ್ಲೇ ಕಾರಣ ಹೇಳಿದರೆ, ಈ ವಿದ್ಯೆಯ ಮೊದಲ ಪಾಠ ಆಗಿದೆಯೆಂದೇ ಲೆಕ್ಕ.